ಹೋದದ್ದು ನೂರು ಕೋಟಿ, ಉಳಿದದ್ದೆಷ್ಟು?

ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರ ಫೈಲಿನಲ್ಲಿ ಒಂದು ಎಕೋ ವರದಿ ಇರುತ್ತದೆ. ಅದರಲ್ಲಿ ಮನೆಮಂದಿಯೆಲ್ಲ ಹುಡುಕುವುದು ಒಂದೇ ಸಾಲು: ಇ.ಎಫ್. ಶೇ. 30. ‘ಪಂಪಿಂಗ್ ಮೂವತ್ತಕ್ಕೆ ಇಳಿದಿದೆಯಂತೆ’ ಎಂದು ನೆಂಟರಿಗೆಲ್ಲ ಫೋನ್ ಹೋಗುತ್ತದೆ, ಪರೀಕ್ಷೆಯಲ್ಲಿ ನೂರಕ್ಕೆ ಮೂವತ್ತು ಬಂದಷ್ಟೇ ಗಾಬರಿಯಿಂದ. (ಎಡ ಹೃತ್ಕುಕ್ಷಿ ತನ್ನಲ್ಲಿ ತುಂಬಿದ ರಕ್ತದಲ್ಲಿ ಎಷ್ಟು ಪಾಲನ್ನು ಒಂದು ಬಡಿತಕ್ಕೆ ಹೊರದೂಡುತ್ತದೆ ಎಂಬುದೇ ಇ.ಎಫ್. ಅಸಲಿಗೆ ಗಟ್ಟಿಮುಟ್ಟಾಗಿರುವವರಿಗೂ ಇಲ್ಲಿ ನೂರು ಬರುವುದಿಲ್ಲ. 55ರಿಂದ 70ರೊಳಗೆ ಇದ್ದರೆ ಸರಿಯಾಗಿದೆ ಎಂದೇ ಲೆಕ್ಕ.) ಎರಡು ವಾರ ಕಳೆಯುವುದರೊಳಗೆ ಯಾರೋ ಒಬ್ಬರು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ: ಸ್ಟೆಮ್ ಸೆಲ್ ಹಾಕಿದರೆ ಸತ್ತ ಹೃದಯದ ಸ್ನಾಯು ಮತ್ತೆ ಬೆಳೆಯುತ್ತದಂತೆ, ಕೊಯ್ಯುವುದೂ ಬೇಡವಂತೆ, ಇಷ್ಟು ಲಕ್ಷವಂತೆ.

ಈ ‘ಅಂತೆ’ಗಳನ್ನು ಸೋಸುವುದಕ್ಕೆ ಒಂದು ಸುಲಭ ದಾರಿ ಇದೆ. ಕಿರಾಣಿ ಅಂಗಡಿಯವರು ಮಾಡುವ ಹಾಗೆ ಲೆಕ್ಕ ಬರೆಯುವುದು. ಎಷ್ಟು ಕೋಶ ಸತ್ತವು, ಎಷ್ಟು ಹಾಕಿದಿರಿ, ಹಾಕಿದ್ದರಲ್ಲಿ ಎಷ್ಟು ಉಳಿದವು, ಉಳಿದವು ಯಾವ ಕೆಲಸ ಮಾಡುತ್ತಿವೆ? ಇಪ್ಪತ್ತೈದು ವರ್ಷಗಳ ಈ ಸಂಶೋಧನೆಯಲ್ಲಿ ಎಡವಿದವರಲ್ಲಿ ಹೆಚ್ಚಿನವರು ಮೂರನೆಯ ಪ್ರಶ್ನೆಯನ್ನು ಹಾರಿ ನಾಲ್ಕನೆಯದಕ್ಕೆ ಹೋದವರು.

ಮೊದಲು ಖರ್ಚಿನ ಬಾಬ್ತು. ಮೈಗೆಲ್ಲ ರಕ್ತ ದೂಡುವ ಎಡ ಹೃತ್ಕುಕ್ಷಿಯಲ್ಲಿ 200ರಿಂದ 400 ಕೋಟಿ ಸ್ನಾಯುಕೋಶಗಳಿವೆ. ಅದಕ್ಕೆ ರಕ್ತ ತರುವ ದೊಡ್ಡ ನಾಳವೊಂದು ಕಟ್ಟಿಕೊಂಡರೆ ಕೆಲವೇ ಗಂಟೆಗಳಲ್ಲಿ ಸುಮಾರು 100 ಕೋಟಿ ಸಾಯಬಹುದು. ಸಾವು ಒಂದೇ ಏಟಿಗೆ ಬರುವುದಿಲ್ಲ. ರಕ್ತ ನಿಂತ ಮೊದಲ 20 ನಿಮಿಷ ಕೋಶಗಳು ಹೇಗೋ ತಾಳಿಕೊಳ್ಳುತ್ತವೆ. ಆಮೇಲೆ ಗೋಡೆಯ ಒಳಪದರದಲ್ಲಿ ಶುರುವಾದ ಸಾವು ಹೊರಪದರದ ಕಡೆಗೆ ಹಬ್ಬುತ್ತದೆ. ಆರು ಗಂಟೆ ಕಳೆದ ಮೇಲೆ ಉಳಿಸಿಕೊಳ್ಳಲು ಹೆಚ್ಚೇನೂ ಇರುವುದಿಲ್ಲ. ಆಂಜಿಯೋಪ್ಲಾಸ್ಟಿಗೆ ಗಡಿಯಾರ ನೋಡಿಕೊಂಡು ಓಡುವುದು ಅದಕ್ಕೇ. ಸತ್ತ ಜಾಗಕ್ಕೆ ಮುಂದಿನ ಕೆಲವು ವಾರಗಳಲ್ಲಿ ಕೊಲಾಜನ್ ನಾರು ತುಂಬಿಕೊಂಡು ಗಟ್ಟಿ ಕಲೆಯಾಗುತ್ತದೆ. ಆ ಕಲೆ ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಹಾಗೆಂದು ಅದನ್ನು ಬೈಯಬೇಕಿಲ್ಲ. ಅದು ಕಟ್ಟದಿದ್ದರೆ ಗೋಡೆಯೇ ಒಡೆದುಹೋಗುತ್ತಿತ್ತು. ತೊಂದರೆ ಇರುವುದು ಪಕ್ಕದಲ್ಲಿ ಬದುಕುಳಿದ ಸ್ನಾಯುವಿಗೆ. ಸತ್ತವರ ಪಾಲಿನ ಕೆಲಸವೂ ತಲೆಗೆ ಬಿದ್ದು ಅದು ವರ್ಷಗಳುದ್ದಕ್ಕೂ ಹಿಗ್ಗಿ ತೆಳುವಾಗುತ್ತ ಹೋಗುತ್ತದೆ.

ಪಿತ್ತಜನಕಾಂಗ ತಾನಾಗಿ ಬೆಳೆಯುತ್ತದೆ, ಚರ್ಮ ಬೆಳೆಯುತ್ತದೆ, ಹೃದಯಕ್ಕೇನು ಧಾಡಿ? ಇದಕ್ಕೆ ಅಚ್ಚುಕಟ್ಟಾದ ಉತ್ತರ ಸಿಕ್ಕಿದ್ದು ಅಣುಬಾಂಬಿನ ಬೂದಿಯಿಂದ. 1950–60ರ ದಶಕಗಳಲ್ಲಿ ನೆಲದ ಮೇಲೆ ನಡೆದ ಪರೀಕ್ಷಾ ಸ್ಫೋಟಗಳಿಂದ ಗಾಳಿಯಲ್ಲಿ ಕಾರ್ಬನ್-14ರ ಪ್ರಮಾಣ ಏರಿ, ನಿಷೇಧ ಒಪ್ಪಂದವಾದ ಮೇಲೆ ಇಳಿಯುತ್ತ ಬಂತು. ಯಾವ ವರ್ಷ ಕೋಶ ಹುಟ್ಟಿತೋ ಆ ವರ್ಷದ ಗುರುತು ಅದರ ಡಿಎನ್ಎಯಲ್ಲಿ ಉಳಿದಿರುತ್ತದೆ. ಸ್ವೀಡನ್ನಿನ ಕರೊಲಿನ್ಸ್ಕಾ ಸಂಸ್ಥೆಯ ಯೊನಾಸ್ ಫ್ರಿಸೇನ್ ತಂಡ 2009ರಲ್ಲಿ ಇದೇ ಗುರುತನ್ನು ಓದಿ ಹೇಳಿತು: 25ರ ವಯಸ್ಸಿನಲ್ಲಿ ವರ್ಷಕ್ಕೆ ಶೇ. 1ರಷ್ಟು ಹೃದಯ ಸ್ನಾಯುಕೋಶಗಳು ಹೊಸದಾಗುತ್ತವೆ, 75ಕ್ಕೆ ಬರುವ ಹೊತ್ತಿಗೆ ಅದು ಶೇ. 0.45ಕ್ಕೆ ಇಳಿಯುತ್ತದೆ. ಅಂದರೆ ಪೂರ್ತಿ ಶೂನ್ಯವಲ್ಲ, ಆದರೆ ಆರು ಗಂಟೆಯಲ್ಲಿ ಆದ ನಷ್ಟವನ್ನು ತುಂಬಲು ಈ ಬಡ್ಡಿ ಸಾಲದು. ಜೀಬ್ರಾಮೀನಿನ ಹೃತ್ಕುಕ್ಷಿಯ ಐದರಲ್ಲೊಂದು ಭಾಗ ಕತ್ತರಿಸಿದರೂ ಎರಡು ತಿಂಗಳಲ್ಲಿ ಮತ್ತೆ ಬೆಳೆಸಿಕೊಳ್ಳುತ್ತದೆ. ಹುಟ್ಟಿದ ಮರುದಿನದ ಇಲಿಮರಿಗೂ ಆ ಶಕ್ತಿ ಇದೆ, ಏಳನೆಯ ದಿನಕ್ಕೆ ಇರುವುದಿಲ್ಲ.

ಹೀಗೆ ಬಾಗಿಲು ಮುಚ್ಚಿದಂತೆ ಕಾಣುತ್ತಿದ್ದ ಕಾಲದಲ್ಲೇ, 2001ರ ಏಪ್ರಿಲ್‌ನಲ್ಲಿ, ‘ನೇಚರ್’ ಪತ್ರಿಕೆಯಲ್ಲಿ ಪಿಯೆರೊ ಅನ್ವರ್ಸಾ ತಂಡದ ಲೇಖನ ಬಂತು. ಇಲಿಯ ಅಸ್ಥಿಮಜ್ಜೆಯಿಂದ ಸಿ-ಕಿಟ್ ಎಂಬ ಗುರುತಿರುವ ಕಾಂಡಕೋಶಗಳನ್ನು (ಸ್ಟೆಮ್ ಸೆಲ್ ಎಂದರೆ ಇವೇ, ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲವು) ಆರಿಸಿ, ಗಾಯಗೊಂಡ ಹೃದಯಕ್ಕೆ ಚುಚ್ಚಿದರೆ, ಒಂಬತ್ತೇ ದಿನಗಳಲ್ಲಿ ಸತ್ತ ಭಾಗದ ಶೇ. 68ರಷ್ಟನ್ನು ಹೊಸ ಸ್ನಾಯು ತುಂಬಿತು ಎಂಬ ವರದಿ. ಒಂಬತ್ತು ದಿನ, ಶೇ. 68! ಆ ಅಂಕಿಯ ಮುಂದೆ ಯಾರಿಗೆ ತಾಳ್ಮೆ ಉಳಿದೀತು? ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ಆಗಲೇ ಮನುಷ್ಯರಿಗೆ ಅಸ್ಥಿಮಜ್ಜೆಯ ಕೋಶಗಳನ್ನು ಕೊಡಲು ಶುರುವಾಗಿತ್ತು. 2004ರಲ್ಲಿ ‘ನೇಚರ್’ನಲ್ಲೇ ಬೇರೆ ಎರಡು ತಂಡಗಳು, ಕೋಶಗಳಿಗೆ ತಳಿಗುರುತು ಇಟ್ಟು ನೋಡಿ, ಮಜ್ಜೆಯ ಕೋಶಗಳು ಹೃದಯದ ಸ್ನಾಯುವಾಗುವುದೇ ಇಲ್ಲ ಎಂದು ಬರೆದವು. ಅಷ್ಟರಲ್ಲಿ ಹಲವು ದೇಶಗಳಲ್ಲಿ ರೋಗಿಗಳ ಹೆಸರು ನೋಂದಣಿಯಾಗಿಬಿಟ್ಟಿತ್ತು.

ಆ ಚಿಕಿತ್ಸೆ ನಡೆಯುವ ಬಗೆ ಹೀಗೆ. ಹೃದಯಾಘಾತವಾಗಿ ಮೂರರಿಂದ ಏಳು ದಿನಗಳೊಳಗೆ ಸೊಂಟದ ಮೂಳೆಯಿಂದ, ಜಾಗ ಮರಗಟ್ಟಿಸಿ, 50 ಮಿ.ಲೀ. ಮಜ್ಜೆ ಎಳೆಯುತ್ತಾರೆ. ಅದನ್ನು ಫೈಕಾಲ್ ಎಂಬ ದ್ರವದ ಮೇಲೆ ಮೆಲ್ಲಗೆ ಹಾಸಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಕೆಂಪು ರಕ್ತಕಣಗಳು ತಳಕ್ಕೆ ಇಳಿದು, ನಡುವೆ ಮಂಜಿನಂಥ ತೆಳು ಪದರವೊಂದು ನಿಲ್ಲುತ್ತದೆ. ಬೇಕಾದ ಕೋಶಗಳಿರುವುದು ಅಲ್ಲಿ. ಅದನ್ನು ಹೀರಿ, ತೊಳೆದು, 10 ಮಿ.ಲೀ. ದ್ರವದಲ್ಲಿ ಕದಡಿ ಕ್ಯಾಥ್‌ಲ್ಯಾಬ್‌ಗೆ ಒಯ್ಯುತ್ತಾರೆ. ಸ್ಟೆಂಟ್ ಹಾಕಿದ ಜಾಗದಲ್ಲೇ ಬಲೂನು ಉಬ್ಬಿಸಿ ರಕ್ತವನ್ನು ಮೂರು ನಿಮಿಷ ತಡೆದು, ಬಲೂನಿನ ತುದಿಯಿಂದ ಕೋಶಗಳನ್ನು ಬಿಡುತ್ತಾರೆ. ರಕ್ತದ ಸೆಳೆತಕ್ಕೆ ಕೊಚ್ಚಿಹೋಗದೆ ಅವು ಗೋಡೆಗೆ ಅಂಟಿಕೊಳ್ಳಲಿ ಎಂಬುದು ಆಶಯ. ಮತ್ತೆ ಮೂರು ನಿಮಿಷ ರಕ್ತ ಹರಿಯಲು ಬಿಟ್ಟು, ಇನ್ನೊಂದು ಸಲ.

ಫಲಿತಾಂಶಗಳು ಒಂದು ಕಡೆ ನಿಲ್ಲಲಿಲ್ಲ. ಹ್ಯಾನೋವರ್‌ನ ಬೂಸ್ಟ್ ಪ್ರಯೋಗದಲ್ಲಿ, 60 ರೋಗಿಗಳಲ್ಲಿ, ಆರು ತಿಂಗಳಿಗೆ ಕೋಶ ಪಡೆದವರ ಇ.ಎಫ್. 6.7 ಅಂಶ ಏರಿತು, ಪಡೆಯದವರದು 0.7. ಹದಿನೆಂಟು ತಿಂಗಳಿಗೆ ನೋಡಿದರೆ ಪಡೆಯದವರೂ ಹತ್ತಿರ ಬಂದುಬಿಟ್ಟಿದ್ದರು, ಅಂತರ ಲೆಕ್ಕಕ್ಕೆ ಹಿಡಿಯುವಷ್ಟು ಉಳಿದಿರಲಿಲ್ಲ. 2006ರಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ವರದಿಗಳು ಬಂದವು. ಫ್ರಾಂಕ್‌ಫರ್ಟ್ ತಂಡದ ರಿಪೇರ್-ಎಎಂಐ, 204 ರೋಗಿಗಳು: 5.5 ಅಂಶ ಏರಿಕೆ, ಕೋಶ ಪಡೆಯದ ಎದುರು ಗುಂಪಿಗೆ 3.0. ಆಸ್ಲೋದ ಆಸ್ಟಾಮಿ, 100 ರೋಗಿಗಳು: 8ರಷ್ಟು ಏರಿಕೆ, ಎದುರು ಗುಂಪಿಗೂ 7. ಗಮನಿಸಿ, ಆಸ್ಲೋದಲ್ಲಿ ಏನೂ ಪಡೆಯದವರು ಫ್ರಾಂಕ್‌ಫರ್ಟ್‌ನಲ್ಲಿ ಕೋಶ ಪಡೆದವರಿಗಿಂತ ಹೆಚ್ಚು ಚೇತರಿಸಿಕೊಂಡಿದ್ದರು.

ಆಮೇಲೆ ನಡೆದದ್ದು ಅಡುಗೆಮನೆಯ ಜಗಳ. ಆಸ್ಲೋದವರು ಕೋಶ ಬೇರ್ಪಡಿಸಿದ ದ್ರವ ಬೇರೆ, ರಾತ್ರಿಯಿಡೀ ಇಟ್ಟ ದ್ರಾವಣ ಬೇರೆ, ಅದರಿಂದ ಕೋಶಗಳು ಮಂಕಾಗಿದ್ದವು ಎಂದು ಫ್ರಾಂಕ್‌ಫರ್ಟ್‌ನವರು ಪ್ರಯೋಗಾಲಯದಲ್ಲಿ ಪಕ್ಕಪಕ್ಕ ಇಟ್ಟು ತೋರಿಸಿದರು. ಜೊತೆಗೆ ಇನ್ನೆರಡು ಕಸ ಸಿಕ್ಕಿದವು. ತೊಳೆದ ಮೇಲೂ ಉಳಿದ ಕೆಂಪು ರಕ್ತಕಣಗಳು ಹೆಚ್ಚಾದಷ್ಟೂ ಕೋಶಗಳ ಕಸುವು ಕಡಿಮೆ. ರಕ್ತ ಹೆಪ್ಪುಗಟ್ಟದಿರಲೆಂದು ಬೆರೆಸುವ ಹೆಪಾರಿನ್, ಗಾಯದ ಕಡೆಗೆ ಕೋಶಗಳನ್ನು ಕರೆಯುವ ರಾಸಾಯನಿಕ ಸಂಕೇತವನ್ನೇ ಅಡ್ಡಗಟ್ಟುತ್ತದೆ. ಇವೆಲ್ಲ ನಿಜವಾದ, ಉಪಯುಕ್ತವಾದ ಪಾಠಗಳು. ಆದರೆ ಅಮೆರಿಕದಲ್ಲಿ ಎಲ್ಲ ಕೇಂದ್ರಗಳಿಗೂ ಒಂದೇ ಯಂತ್ರ ಕೊಟ್ಟು, 15 ಕೋಟಿ ಕೋಶ ಎಂದು ಅಳತೆ ಗೊತ್ತುಮಾಡಿ ನಡೆಸಿದ ಟೈಮ್ ಪ್ರಯೋಗದಲ್ಲೂ, ಮೂರನೆಯ ದಿನ ಕೊಟ್ಟರೂ ಏಳನೆಯ ದಿನ ಕೊಟ್ಟರೂ, ಏನೂ ಬದಲಾಗಲಿಲ್ಲ. ಅಡುಗೆ ಸರಿಯಾಗಿತ್ತು, ಊಟ ಹೊಟ್ಟೆಗೆ ಹೋಗಿರಲಿಲ್ಲ.

ಎಲ್ಲಿಗೆ ಹೋಗಿತ್ತು ಎಂಬುದು ಅಷ್ಟರಲ್ಲಾಗಲೇ ಗೊತ್ತಿತ್ತು. ಹ್ಯಾನೋವರ್‌ನವರೇ 2005ರಲ್ಲಿ ಒಂಬತ್ತು ರೋಗಿಗಳ ಕೋಶಗಳಿಗೆ ವಿಕಿರಣದ ಗುರುತು ಹಾಕಿ, ನಾಳದಲ್ಲಿ ಬಿಟ್ಟು, ಸುಮಾರು ಒಂದು ಗಂಟೆಯ ಮೇಲೆ ಪೆಟ್ ಸ್ಕ್ಯಾನ್‌ನಲ್ಲಿ ಹುಡುಕಿದ್ದರು. ಆರಿಸದ ಮಜ್ಜೆಕೋಶಗಳನ್ನು ಪಡೆದವರ ಹೃದಯದಲ್ಲಿ ಸಿಕ್ಕಿದ್ದು ಶೇ. 1.3ರಿಂದ 2.6. ಮಿಕ್ಕವು ಹೆಚ್ಚಾಗಿ ಪಿತ್ತಜನಕಾಂಗ ಮತ್ತು ಗುಲ್ಮ ಸೇರಿದ್ದವು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಮುಖ್ಯ ಅಂಕಿ ಇದೇ. ಲೆಕ್ಕ ಹಾಕಿ ನೋಡಿ: 20 ಕೋಟಿ ಕೋಶ ಬಿಟ್ಟರೆ ಶೇ. 2ರಂತೆ ಉಳಿದದ್ದು 40 ಲಕ್ಷ. ಅವೆಲ್ಲ ಕಾಂಡಕೋಶಗಳಲ್ಲ, ಮಜ್ಜೆಯಿಂದ ಹೀಗೆ ತೆಗೆದ ಪದರದಲ್ಲಿ ಸಿಡಿ-34 ಗುರುತಿನ ಕಾಂಡಕೋಶಗಳು ನೂರಕ್ಕೆ ಒಂದೋ ಎರಡೋ. ಅಲ್ಲಿಗೆ 40ರಿಂದ 80 ಸಾವಿರ. ಕಳೆದುಕೊಂಡದ್ದು 100 ಕೋಟಿ. ಉಳಿದ ಅಷ್ಟೂ ಕೋಶ ಸ್ನಾಯುವಾಗಿಯೇಬಿಟ್ಟವು ಎಂದುಕೊಂಡರೂ ಎಕೋ ಯಂತ್ರಕ್ಕೆ ಅದು ಕಾಣುವ ಮಾತಲ್ಲ.

ಎಕೋ ಯಂತ್ರದ ಮಾತು ಬಂತು. ಒಬ್ಬರನ್ನೇ ಬೆಳಿಗ್ಗೆ ಒಬ್ಬರು, ಸಂಜೆ ಇನ್ನೊಬ್ಬರು ಎಕೋ ಮಾಡಿದರೆ ಇ.ಎಫ್. ಐದು ಅಂಶ ಅತ್ತಿತ್ತ ಆಗುವುದು ಮಾಮೂಲು. ಹೃದಯದ ಎಂಆರ್‌ಐ ಇದಕ್ಕಿಂತ ಗಟ್ಟಿ ಅಳತೆ. ಪ್ರಯೋಗಗಳಲ್ಲಿ ಗೆಲುವು ಎಂದು ಘೋಷಿಸಿದ ಅಂತರ ಎರಡೋ ಮೂರೋ ಅಂಶ. 2014ರಲ್ಲಿ ಲಂಡನ್ನಿನ ತಂಡವೊಂದು ಅಸ್ಥಿಮಜ್ಜೆ ಚಿಕಿತ್ಸೆಯ 49 ಪ್ರಯೋಗಗಳ ವರದಿಗಳನ್ನು ಲೆಕ್ಕಪರಿಶೋಧಕರಂತೆ ಕೂತು ಓದಿತು. ಒಂದು ಕೋಷ್ಟಕದಲ್ಲಿ ಸತ್ತವರು ಇನ್ನೊಂದರಲ್ಲಿ ತಪಾಸಣೆಗೆ ಬಂದಿರುವುದು, ಕೂಡಿದರೆ ಮೊತ್ತ ಬಾರದಿರುವುದು, ಇಂಥ ತಾಳೆಯಾಗದ ಸಂಗತಿಗಳು ಒಟ್ಟು 604 ಸಿಕ್ಕವು. ತಪ್ಪು ಹೆಚ್ಚಿದ್ದ ವರದಿಗಳಲ್ಲಿ ಇ.ಎಫ್. ಏರಿಕೆಯೂ ಹೆಚ್ಚು. ಒಂದೂ ತಪ್ಪಿಲ್ಲದ ಐದು ಪ್ರಯೋಗಗಳಲ್ಲಿ ಸರಾಸರಿ ಏರಿಕೆ ಸೊನ್ನೆಗಿಂತ ತುಸು ಕೆಳಗೆ, −0.4.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಭಾರತದಲ್ಲಿ ಹಲವು ಕೇಂದ್ರಗಳು ಸೇರಿ 250 ರೋಗಿಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಲಾಭ ಕಾಣಲಿಲ್ಲ, ಹಾನಿಯೂ ಆಗಲಿಲ್ಲ. ಸಾವು ಕಡಿಮೆಯಾಗುತ್ತದೆಯೇ ಎಂದು ಒಂದೇ ಸಲಕ್ಕೆ ತೀರ್ಮಾನಿಸಲು ಯುರೋಪಿನಲ್ಲಿ 3,000 ರೋಗಿಗಳ ಗುರಿಯಿಟ್ಟು ಹೊರಟ ಬಾಮಿ ಪ್ರಯೋಗಕ್ಕೆ ಸಿಕ್ಕಿದ್ದು 375 ಜನ. ಎರಡು ವರ್ಷಗಳಲ್ಲಿ ಸಾವು ಕೋಶ ಪಡೆದವರಲ್ಲಿ ಶೇ. 3.26, ಪಡೆಯದವರಲ್ಲಿ 3.82, ಯಾವ ತೀರ್ಮಾನಕ್ಕೂ ಸಾಲದ ಸಂಖ್ಯೆ. ಆ ಶೇ. 68ರ ಲೇಖನದ ಮೂಲಪುರುಷರ ಪ್ರಯೋಗಾಲಯದ 31 ಲೇಖನಗಳನ್ನು ಹಿಂತೆಗೆಯಬೇಕೆಂದು 2018ರ ಅಕ್ಟೋಬರ್‌ನಲ್ಲಿ ಅವರು ಮುಂದೆ ಕೆಲಸ ಮಾಡಿದ್ದ ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಬ್ರಿಗಮ್ ಆಸ್ಪತ್ರೆಯೇ ಪತ್ರಿಕೆಗಳಿಗೆ ಬರೆದವು. ಸಿ-ಕಿಟ್ ಕೋಶಗಳನ್ನು ಮನುಷ್ಯರಿಗೆ ಕೊಟ್ಟ ಸಿಪಿಯೊ ಪ್ರಯೋಗದ ವರದಿಯನ್ನು ‘ಲ್ಯಾನ್ಸೆಟ್’ 2019ರಲ್ಲಿ ವಾಪಸು ಪಡೆಯಿತು.

ಹಾಗಾದರೆ ಇಲಿಗಳಲ್ಲಿ ಮತ್ತೆ ಮತ್ತೆ ಕಂಡ ಸುಧಾರಣೆ ಎಲ್ಲ ಸುಳ್ಳೇ? ಅಲ್ಲ, ಮತ್ತು ಇದೇ ಈ ಕಥೆಯ ಸ್ವಾರಸ್ಯ. ಸಿನ್ಸಿನಾಟಿಯ ಜೆಫ್ರಿ ಮೋಲ್ಕೆಂಟಿನ್ ತಂಡ ಇಲಿಯ ಗಾಯಗೊಂಡ ಹೃದಯಕ್ಕೆ ಬದುಕಿರುವ ಕೋಶ, ಘನೀಕರಿಸಿ ಕೊಂದ ಕೋಶ, ಕೊನೆಗೆ ಉರಿಯೂತ ಎಬ್ಬಿಸುವ ಜೈಮೊಸಾನ್ ಎಂಬ ಬರಿಯ ರಾಸಾಯನಿಕ, ಮೂರನ್ನೂ ಬೇರೆ ಬೇರೆಯಾಗಿ ಚುಚ್ಚಿತು. ಮೂರರಿಂದಲೂ ಸುಧಾರಣೆ ಕಂಡಿತು. ಚುಚ್ಚಿದ ಜಾಗಕ್ಕೆ ಮ್ಯಾಕ್ರೊಫೇಜ್ ಎಂಬ ಬಿಳಿಕೋಶಗಳು ಧಾವಿಸಿ ಬಂದು ಕಲೆಯ ಅಂಚನ್ನು ಇನ್ನಷ್ಟು ಗಟ್ಟಿಯಾಗಿ ನೇಯುತ್ತಿದ್ದವು. ಅಂದರೆ ಕಾಂಡಕೋಶಗಳ ಕೀರ್ತಿ ಎಂದುಕೊಂಡದ್ದರಲ್ಲಿ ಒಂದು ಪಾಲು ಚುಚ್ಚಿದ್ದಕ್ಕೆ ದೇಹ ಕೊಟ್ಟ ಉತ್ತರ.

ಇನ್ನು ಉಳಿಯುವ ಕೋಶಗಳ ಕಡೆಗೆ. ಇಲ್ಲಿ ಮೊದಲು ಹೆಜ್ಜೆಯಿಟ್ಟವರು ಪ್ಯಾರಿಸ್ಸಿನ ಫಿಲಿಪ್ ಮೆನಾಶೆ. 2000ದ ಜೂನ್‌ನಲ್ಲಿ ಅವರು ರೋಗಿಯ ತೊಡೆಯ ಸ್ನಾಯುವಿನಿಂದಲೇ ಮೂಲಕೋಶಗಳನ್ನು ತೆಗೆದು, ಬೆಳೆಸಿ, ಬೈಪಾಸ್ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಹೃದಯದ ಕಲೆಗೆ ಚುಚ್ಚಿದರು. ತೊಡೆಯ ಕೋಶ ಗಟ್ಟಿ ಜೀವಿ, ಆಮ್ಲಜನಕ ಕಡಿಮೆಯಾದರೂ ತಡೆದುಕೊಳ್ಳುತ್ತದೆ. ಕಲೆಯಲ್ಲಿ ಉಳಿಯಿತು ಕೂಡ. ಆದರೆ ಹೃದಯದ ಸ್ನಾಯುಕೋಶಗಳು ಕನೆಕ್ಸಿನ್-43 ಎಂಬ ಪ್ರೋಟೀನಿನ ಕಿಂಡಿಗಳ ಮೂಲಕ ಒಂದಕ್ಕೊಂದು ವಿದ್ಯುತ್ ಸಂಕೇತ ದಾಟಿಸುತ್ತವೆ. ಬಲಿತ ತೊಡೆಯ ಸ್ನಾಯುವಿಗೆ ಆ ಕಿಂಡಿ ಇಲ್ಲ. ಭಜನೆಯಲ್ಲಿ ತಾಳ ಕೇಳಿಸದವನು ಕೂತ ಹಾಗೆ ಅದು ತನ್ನ ಪಾಡಿಗೆ ಇತ್ತು, ಹೃದಯದ ಲಯ ತಪ್ಪುವ ಭಯವೂ ಬಂತು. 97 ರೋಗಿಗಳ ಮ್ಯಾಜಿಕ್ ಪ್ರಯೋಗದಲ್ಲಿ ಹೃದಯದ ಬಲ ಹೆಚ್ಚಲಿಲ್ಲ, ಅಲ್ಲಿಗೆ ಆ ದಾರಿ ಮುಗಿಯಿತು.

ಹೃದಯಕ್ಕೆ ಹೃದಯದ್ದೇ ಕೋಶ ಬೇಕು. ಅದನ್ನು ಬೇಕಾದಷ್ಟು ತಯಾರಿಸುವ ದಾರಿ ತೆರೆದದ್ದು ಜಪಾನಿನ ಶಿನ್ಯಾ ಯಮನಾಕ. ಚರ್ಮದ ಕೋಶಕ್ಕೆ ನಾಲ್ಕು ವಂಶವಾಹಿಗಳನ್ನು ಸೇರಿಸಿ ಭ್ರೂಣದ ಸ್ಥಿತಿಗೆ ಹಿಂದಿರುಗಿಸುವ ವಿದ್ಯೆ. 2006ರಲ್ಲಿ ಇಲಿ, 2007ರಲ್ಲಿ ಮನುಷ್ಯ, 2012ರಲ್ಲಿ ನೊಬೆಲ್. ಹೀಗೆ ಪಡೆದ ಐಪಿಎಸ್ ಕೋಶ ಯಾವ ಅಂಗಾಂಶವಾದರೂ ಆಗಬಲ್ಲದು. ಆದ್ದರಿಂದಲೇ ಅದನ್ನು ಹಾಗೆಯೇ ಚುಚ್ಚಿದರೆ ಅನಾಹುತ: ಹಲ್ಲು, ಕೂದಲು, ಮೂಳೆ ಎಲ್ಲ ಕಲಸಿದ ಟೆರಟೋಮಾ ಗಡ್ಡೆ. ಮೊದಲು ಹೃದಯದ ಸ್ನಾಯುವಾಗಿಸಿ, ಆಮೇಲೆ ಹಾಕಬೇಕು.

ಆಗಿಸುವ ಪಾಕವನ್ನು ಇಂದು ಬಹುತೇಕ ಎಲ್ಲ ಪ್ರಯೋಗಾಲಯಗಳೂ ಒಂದೇ ಹದದಲ್ಲಿ ಮಾಡುತ್ತವೆ. ಭ್ರೂಣದಲ್ಲಿ ಹೃದಯ ಮೂಡುವಾಗ ವಿಂಟ್ ಎಂಬ ಸಂಕೇತ ಮೊದಲು ಏರಿ, ಆಮೇಲೆ ಇಳಿಯಬೇಕು. ಬಟ್ಟಲಿನಲ್ಲೂ ಅದೇ ಏರಿಳಿತವನ್ನು ಎರಡು ರಾಸಾಯನಿಕಗಳಿಂದ ಮಾಡಿಸುತ್ತಾರೆ. ಕೋಶ ಅಂಟಿಕೊಳ್ಳಲೆಂದು ಮ್ಯಾಟ್ರಿಜೆಲ್ ಎಂಬ ಲೋಳೆ ಸವರಿದ ತಟ್ಟೆಯಲ್ಲಿ ಕೋಶಗಳನ್ನು ಬಿಡಿಬಿಡಿಯಾಗಿ ಬಿತ್ತುತ್ತಾರೆ. ಬಿಡಿಸಿದ ಕೋಶ ಹೆದರಿ ಸಾಯದಂತೆ ಮೊದಲ ದಿನ ರಾಕ್ ಪ್ರತಿಬಂಧಕ ಎಂಬ ಔಷಧ, 10 ಮೈಕ್ರೋಮೋಲಾರ್ (ದ್ರಾವಣ ಎಷ್ಟು ಗಾಢ ಎಂಬುದರ ಅಳತೆ). ಮೂರು-ನಾಲ್ಕು ದಿನಗಳಲ್ಲಿ ತಟ್ಟೆ ತುಂಬಿದಾಗ ಅದೇ ಸೊನ್ನೆ ದಿನ. ಅಂದು ಬಿ-27 ಎಂಬ ಕೋಶಾಹಾರವನ್ನು, ಇನ್ಸುಲಿನ್ ಇಲ್ಲದ್ದನ್ನು, ಬೆರೆಸಿದ ದ್ರಾವಣದಲ್ಲಿ ಚಿರ್-99021, 6ರಿಂದ 12 ಮೈಕ್ರೋಮೋಲಾರ್, 24 ಗಂಟೆ, ವಿಂಟ್ ಏರುತ್ತದೆ. ಮೂರನೆಯ ದಿನ ಐಡಬ್ಲ್ಯುಪಿ-2, 5 ಮೈಕ್ರೋಮೋಲಾರ್, ವಿಂಟ್ ಇಳಿಯುತ್ತದೆ. ಐದನೆಯ ದಿನ ಅದನ್ನು ತೆಗೆದು, ಏಳನೆಯ ದಿನದಿಂದ ಇನ್ಸುಲಿನ್ ಇರುವ ಆಹಾರ ಕೊಡುತ್ತಾರೆ. ಎಂಟರಿಂದ ಹನ್ನೆರಡನೆಯ ದಿನದೊಳಗೆ ತಟ್ಟೆಯ ಕೋಶಗಳು ತಾವಾಗಿಯೇ ಮಿಡಿಯತೊಡಗುತ್ತವೆ.

ಕೆಡುವುದು ಎಲ್ಲಿ? ಮೊದಲನೆಯದಾಗಿ ಬಿತ್ತನೆಯ ಸಾಂದ್ರತೆಯಲ್ಲಿ. ತೆಳುವಾದರೆ ಚಿರ್ ಹಾಕಿದ ಮರುದಿನ ಅರ್ಧ ತಟ್ಟೆ ಕಿತ್ತು ತೇಲುತ್ತದೆ. ದಟ್ಟವಾದರೆ ಸಂಕೇತವೇ ಒಳಕ್ಕೆ ಇಳಿಯುವುದಿಲ್ಲ. ಎರಡನೆಯದಾಗಿ ಚಿರ್ ಪ್ರಮಾಣ. ಒಬ್ಬರಿಂದ ಪಡೆದ ಕೋಶಕ್ಕೆ 6 ಸರಿಹೋದರೆ ಇನ್ನೊಬ್ಬರದಕ್ಕೆ 10 ಬೇಕಾಗುತ್ತದೆ, ಪ್ರತಿ ಸಾಲಿಗೂ (ಒಬ್ಬರ ಕೋಶದಿಂದ ಬೆಳೆಸಿಕೊಂಡು ಬಂದ ಸಂತತಿಗೆ ಸಾಲು ಎನ್ನುತ್ತಾರೆ) ಹೊಸದಾಗಿ ಹದ ಹುಡುಕಬೇಕು. ಇನ್ಸುಲಿನ್ ಇರುವ ಬಾಟಲಿಯನ್ನು ಮೊದಲ ದಿನವೇ ಎತ್ತಿಕೊಂಡರೆ ಹೃದಯವಾಗುವುದು ಅಲ್ಲಿಗೆ ಕುಂಠಿತ. ಎಲ್ಲ ಸರಿಯಾದರೂ ನಡುವೆ ಒಂದಿಷ್ಟು ಬೇರೆ ಕೋಶಗಳು ಉಳಿದೇ ಉಳಿಯುತ್ತವೆ. ಅವನ್ನು ತೆಗೆಯುವ ಉಪಾಯ ಜಾಣತನದ್ದು: ಗ್ಲೂಕೋಸ್ ತೆಗೆದು ಬರಿಯ ಲ್ಯಾಕ್ಟೇಟ್, 4 ಮಿಲಿಮೋಲಾರ್, ಉಣಿಸುವುದು. ಹೃದಯದ ಸ್ನಾಯು ಲ್ಯಾಕ್ಟೇಟ್ ತಿಂದು ಬದುಕುತ್ತದೆ, ಮಿಕ್ಕವು ಉಪವಾಸ ಬಿದ್ದು ಸಾಯುತ್ತವೆ. ಕೊನೆಗೆ ಪರೀಕ್ಷೆಗಳು: ಹೃದಯಸ್ನಾಯುವಿನ ಟ್ರೊಪೋನಿನ್-ಟಿ ಗುರುತು ಎಣಿಸಿ ಶುದ್ಧತೆ, ಐಪಿಎಸ್ ಕೋಶದ ಲಿನ್-28 ಗುರುತು ಹುಡುಕಿ ಕಳ್ಳತನದಿಂದ ಉಳಿದ ಐಪಿಎಸ್ ಕೋಶಗಳು, ಕ್ರೋಮೋಸೋಮ್ ತಪಾಸಣೆ, ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸೋಂಕಿನ ತಪಾಸಣೆ. ಬಹಳ ದಿನ ಬೆಳೆಸಿದ ಸಾಲುಗಳಲ್ಲಿ 20ನೆಯ ಕ್ರೋಮೋಸೋಮಿನ ತುಣುಕೊಂದು ಇಮ್ಮಡಿಯಾಗಿ, ಸಾಯಬೇಕಾದ ಕೋಶ ಸಾಯದೆ ತಟ್ಟೆಯನ್ನೆಲ್ಲ ಆಕ್ರಮಿಸುವುದುಂಟು. ಅಂಥ ಸಾಲನ್ನು ಎಷ್ಟು ಚೆನ್ನಾಗಿ ಮಿಡಿದರೂ ಬಿಸಾಡಲೇಬೇಕು.

ಕಲಕುತ್ತಿರುವ ತೊಟ್ಟಿಯಲ್ಲಿ ಮಿಲಿಲೀಟರಿಗೆ ಸುಮಾರು 10 ಲಕ್ಷ ಕೋಶ ಬರುತ್ತವೆ. ಆದ್ದರಿಂದ 100 ಕೋಟಿಗೆ ಒಂದು ಲೀಟರ್. ಇದು ಈಗ ಅಸಾಧ್ಯವೇನಲ್ಲ. ಜಮೆಯ ಕಡೆ ಇಷ್ಟು ದೊಡ್ಡ ಅಂಕಿ ಬರೆಯಲು ಸಾಧ್ಯವಾದದ್ದು ಇದೇ ಮೊದಲು.

ಆದರೆ ಉಳಿಯುವುದೆಷ್ಟು? ಚುಚ್ಚಿದ ಕೋಶಗಳಲ್ಲಿ ಬಹುಪಾಲು ಮೊದಲ ಕೆಲವು ದಿನಗಳಲ್ಲೇ ಹೋಗುತ್ತವೆ. ಕೆಲವು ಸೂಜಿಯ ತೂತಿನಿಂದಲೇ ಹಿಂದಕ್ಕೆ ಸೋರುತ್ತವೆ. ಕೆಲವು ಸಿರೆಗಳಿಗೆ ಸೇರಿ ಶ್ವಾಸಕೋಶಕ್ಕೆ. ಮಿಕ್ಕವು ರಕ್ತನಾಳವಿಲ್ಲದ ಕಲೆಯೊಳಗೆ ಉಸಿರುಕಟ್ಟಿ ಸಾಯುತ್ತವೆ. ಸಿಯಾಟಲ್‌ನ ಚಾರ್ಲ್ಸ್ ಮರ್ರಿ ತಂಡ 2007ರಲ್ಲಿ ಇದಕ್ಕೊಂದು ಕಷಾಯ ಕಂಡುಹಿಡಿಯಿತು. ಮ್ಯಾಟ್ರಿಜೆಲ್, ಕೋಶದ ಆತ್ಮಹತ್ಯೆ ತಡೆಯುವ ಔಷಧ, ಸೈಕ್ಲೋಸ್ಪೋರಿನ್, ಐಜಿಎಫ್-1, ಪಿನಾಸಿಡಿಲ್, ಇನ್ನೊಂದಿಷ್ಟು ಬೆರೆಸಿ, ಹಿಂದಿನ ದಿನ ಕೋಶಗಳಿಗೆ ತುಸು ಬಿಸಿ ತಾಗಿಸಿ, ಆಮೇಲೆ ಚುಚ್ಚುವುದು. 2014ರಲ್ಲಿ ಅದೇ ತಂಡ ಕೋತಿಗಳಿಗೆ ತಲಾ 100 ಕೋಟಿ ಕೋಶ ಹಾಕಿದಾಗ ಸತ್ತ ಭಾಗದ ಸರಾಸರಿ ಶೇ. 40ರಷ್ಟು ಜಾಗದಲ್ಲಿ ಮನುಷ್ಯರ ಹೃದಯಸ್ನಾಯು ಬೆಳೆದು, ಕೋತಿಯ ರಕ್ತನಾಳಗಳು ಅದರೊಳಕ್ಕೆ ಇಳಿದಿದ್ದವು. 2018ರಲ್ಲಿ 75 ಕೋಟಿ ಕೋಶ ಪಡೆದ ಕೋತಿಗಳ ಇ.ಎಫ್. ನಾಲ್ಕು ವಾರಗಳಲ್ಲಿ 10 ಅಂಶಕ್ಕೂ ಮಿಕ್ಕಿ ಏರಿತು, ಎದುರು ಗುಂಪಿನದು ಎರಡೂವರೆ.

ಲೆಕ್ಕ ಕೊನೆಗೂ ಕೂಡಿಬಂತು ಎನ್ನುವಷ್ಟರಲ್ಲಿ ಇಸಿಜಿ ಕೆಟ್ಟಿತು. ಕೋಶ ಹಾಕಿ ಸುಮಾರು ಒಂದು ವಾರಕ್ಕೆ ಕೋತಿಗಳ ಹೃದಯ ಲಯತಪ್ಪಿ ಓಡತೊಡಗಿತು, ಕೆಲವು ವಾರಗಳ ಮೇಲೆ ತಾನಾಗಿ ಇಳಿಯಿತು. ಇಲಿಗಳಲ್ಲಿ ಇದು ಯಾಕೆ ಕಂಡಿರಲಿಲ್ಲ? ಇಲಿಯ ಹೃದಯ ನಿಮಿಷಕ್ಕೆ 500–600 ಸಲ ಬಡಿಯುತ್ತದೆ. ಹೊಸ ಕೋಶ ತನ್ನದೊಂದು ಬಡಿತ ಸೇರಿಸುವ ಮೊದಲೇ ಹತ್ತು ಬಡಿತ ಆಗಿಹೋಗಿರುತ್ತದೆ. ಕೋತಿ, ಹಂದಿ, ಮನುಷ್ಯರ ನಿಧಾನದ ಹೃದಯದಲ್ಲಿ ಅದಕ್ಕೆ ಸಂದು ಸಿಗುತ್ತದೆ. ಬಟ್ಟಲಿನಲ್ಲಿ ಬೆಳೆದ ಕೋಶ ವಯಸ್ಸಿನಲ್ಲಿ ಭ್ರೂಣ, ತಾನಾಗಿ ಮಿಡಿಯುವುದು ಅದರ ಹುಟ್ಟುಗುಣ. ಎಂಟನೆಯ ದಿನ ತಟ್ಟೆಯಲ್ಲಿ ಮಿಡಿದಾಗ ಎಲ್ಲರೂ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುವ ಅದೇ ಗುಣ ಎದೆಯೊಳಗೆ ಹೋದ ಮೇಲೆ ಕಂಟಕ. ಸಿಯಾಟಲ್‌ನವರು 2023ರಲ್ಲಿ ಮೂರು ವಂಶವಾಹಿಗಳನ್ನು ಕಿತ್ತು, ಒಂದನ್ನು ಸೇರಿಸಿ, ಅಂದರೆ ಎಚ್‌ಸಿಎನ್-4, ಕ್ಯಾಕ್ನಾ-1ಎಚ್, ಎಸ್ಎಲ್‌ಸಿ-8ಎ1 ತೆಗೆದು ಕೆಸಿಎನ್‌ಜೆ-2 ಹೆಚ್ಚಿಸಿ, ಸುಮ್ಮನಿರುವ ಆದರೆ ಹೇಳಿದಾಗ ಕುಗ್ಗುವ ಕೋಶ ತಯಾರಿಸಿದರು. ಹಂದಿಗಳಲ್ಲಿ ಲಯ ತಪ್ಪಲಿಲ್ಲ. ನಾಲ್ಕು ಕಡೆ ತಿದ್ದಿದ ಕೋಶ ಮನುಷ್ಯರಿಗೆ ಹಾಕಲು ಎಷ್ಟು ಸುರಕ್ಷಿತ ಎಂಬುದು ಇನ್ನೊಂದು ಸುತ್ತಿನ ಪರೀಕ್ಷೆ.

ಚುಚ್ಚುವ ಬದಲು ತೇಪೆ ಹಾಕುವವರ ದಾರಿ ಬೇರೆ. ಒಸಾಕಾದ ಯೋಶಿಕಿ ಸಾವಾ ತಂಡ 2020ರ ಜನವರಿಯಿಂದ ಐಪಿಎಸ್ ಹೃದಯಕೋಶಗಳ ತೆಳು ಹಾಳೆಗಳನ್ನು, ಒಟ್ಟು 10 ಕೋಟಿ ಕೋಶ, ಎಂಟು ರೋಗಿಗಳ ಹೃದಯದ ಮೇಲೆ ಹೊದಿಸಿತು. ಅದರ ಕಂಪನಿ ಕ್ಯೂರಿಪ್ಸ್ 2025ರ ಏಪ್ರಿಲ್‌ನಲ್ಲಿ ಜಪಾನ್ ಸರ್ಕಾರದ ಅನುಮತಿಗೆ ಅರ್ಜಿ ಹಾಕಿತು. ಹಾಳೆ ತೆಳುವಾಗಿರಲೇಬೇಕು, ಏಕೆಂದರೆ ನಾಳವಿಲ್ಲದ ಅಂಗಾಂಶದಲ್ಲಿ ಆಮ್ಲಜನಕ ಮಿಲಿಮೀಟರಿನ ಐದನೆಯ ಒಂದು ಭಾಗ ದಾಟುವುದೇ ಕಷ್ಟ. ಈ ಹಾಳೆ ಕುಗ್ಗಿ ಬಲ ಕೊಡುತ್ತದೆ ಎನ್ನುವುದಕ್ಕಿಂತ ಹೊಸ ನಾಳ ಬೆಳೆಸುವ ರಸಗಳನ್ನು ಸುರಿಸುತ್ತದೆ ಎಂದೇ ಅವರು ಹೇಳುವುದು. ಎಂಟು ಜನ, ಹೋಲಿಕೆಗೆ ಎದುರು ಗುಂಪಿಲ್ಲ. ಬೂಸ್ಟ್‌ನ ಹದಿನೆಂಟನೆಯ ತಿಂಗಳು ನೆನಪಿರುವವರು ಇಲ್ಲಿ ಚಪ್ಪಾಳೆ ತಡೆಹಿಡಿಯುತ್ತಾರೆ. ಕೇಯೊ ವಿಶ್ವವಿದ್ಯಾಲಯದ ಬಳಗ ಸಾವಿರ ಕೋಶಗಳ ಪುಟ್ಟ ಉಂಡೆಗಳನ್ನು ಬೈಪಾಸ್ ಸಮಯದಲ್ಲಿ ಚುಚ್ಚಿ ನೋಡಿದೆ. ಉಂಡೆ ಬಿಡಿಕೋಶದಂತೆ ಸೋರುವುದಿಲ್ಲ.

ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದು ಜರ್ಮನಿಯ ಗಾಟಿಂಗನ್‌ನ ವರದಿ. ವೋಲ್ಫ್ರಾಮ್ ಸಿಮ್ಮರ್‌ಮನ್ ತಂಡ ಹೃದಯಕೋಶ ಮತ್ತು ಆಧಾರಕೋಶಗಳನ್ನು ಕೊಲಾಜನ್‌ನಲ್ಲಿ ಕಟ್ಟಿ, ಎಳೆದು ಪಳಗಿಸಿ, ತೇಪೆ ಮಾಡುತ್ತದೆ. 46 ವರ್ಷದ ಮಹಿಳೆಯೊಬ್ಬರ ಹೃದಯಕ್ಕೆ ಹತ್ತು ತೇಪೆ, ಸುಮಾರು 40 ಕೋಟಿ ಕೋಶ ಹೊಲಿದರು. ಮೂರು ತಿಂಗಳಿಗೆ ಅವರಿಗೆ ದಾನಿಯ ಹೃದಯ ಸಿಕ್ಕಿತು. ಹೊರತೆಗೆದ ಹಳೆಯ ಹೃದಯವನ್ನು ಸೀಳಿ ನೋಡಿದಾಗ ತೇಪೆ ಅಲ್ಲೇ ಇತ್ತು, ಅದರೊಳಗೆ ರಕ್ತನಾಳಗಳಿದ್ದವು. 2025ರ ಜನವರಿಯಲ್ಲಿ ಪ್ರಕಟವಾದ ಆ ಲೇಖನದಲ್ಲಿ ಇ.ಎಫ್. ಬಗ್ಗೆ ದೊಡ್ಡ ಮಾತಿಲ್ಲ. ಕೋಶ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಮನುಷ್ಯರ ಹೃದಯವನ್ನೇ ಮುಂದಿಟ್ಟು ಕೊಟ್ಟ ಉತ್ತರವಿದೆ. ಬೇರೆಯವರ ಕೋಶವಾದ್ದರಿಂದ ಪ್ರತಿರೋಧ ಅಡಗಿಸುವ ಮಾತ್ರೆಗಳು ಬೇಕು. ಸೋಂಕಿನ, ಮೂತ್ರಪಿಂಡದ ತೊಂದರೆಗಳು ಅದರ ಬೆನ್ನಿಗೇ ಬರುತ್ತವೆ.

ಇನ್ನು ವಾಟ್ಸ್ಆ್ಯಪ್ ಸಂದೇಶಕ್ಕೆ ಮರಳೋಣ. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ರಕ್ತದ ರೋಗಗಳಿಗೆ ಮಾಡುವ ಮಜ್ಜೆಯ ಕಸಿಯಂಥವನ್ನು ಬಿಟ್ಟರೆ ಕಾಂಡಕೋಶ ಚಿಕಿತ್ಸೆ ಕ್ಲಿನಿಕಲ್ ಟ್ರಯಲ್‌ನೊಳಗೆ ಮಾತ್ರ ನಡೆಯಬೇಕು. ಹೃದಯ ಆ ಪಟ್ಟಿಯಲ್ಲಿಲ್ಲ. ಟ್ರಯಲ್ ಆದರೆ ಸಿಟಿಆರ್‌ಐ, ಅಂದರೆ ದೇಶದ ಟ್ರಯಲ್‌ಗಳ ದಾಖಲೆ ಪಟ್ಟಿಯ ನೋಂದಣಿ ಸಂಖ್ಯೆ ಇರುತ್ತದೆ, ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು, ಮತ್ತು ಚಿಕಿತ್ಸೆಗೆ ರೋಗಿಯಿಂದ ಹಣ ಕೇಳುವುದಿಲ್ಲ. ಹಣ ಕೇಳಿದರೆ ಅದು ಟ್ರಯಲ್ ಅಲ್ಲ. ಡ್ರಿಪ್ಪಿನಲ್ಲಿ ಕೈಯ ನರಕ್ಕೇ ಕೊಡುತ್ತೇವೆ ಎಂದರೆ ಇನ್ನೊಂದು ಲೆಕ್ಕ ಕೇಳಿ: ಹಾಗೆ ಕೊಟ್ಟ ಕೋಶಗಳಿಗೆ ಮೊದಲು ಸಿಗುವುದು ಶ್ವಾಸಕೋಶದ ಲೋಮನಾಳಗಳ ಜರಡಿ, ಬಹಳಷ್ಟು ಅಲ್ಲೇ ಸಿಕ್ಕಿಬೀಳುತ್ತವೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ಹೃದಯಾಘಾತವಾದ 20 ಜನರಲ್ಲಿ ಕೆ.ಜಿ. ತೂಕಕ್ಕೆ 20 ಲಕ್ಷ ಮೆಸೆಂಕೈಮಲ್ ಎಂಬ ಬಗೆಯ ಕಾಂಡಕೋಶಗಳಂತೆ ರಕ್ತನಾಳಕ್ಕೆ ಕೊಟ್ಟು ಕ್ರಮಬದ್ಧವಾಗಿ ಪರೀಕ್ಷಿಸಿ, ಸುರಕ್ಷಿತ, ಆದರೆ ಇ.ಎಫ್.ನಲ್ಲಿ ಗಣನೀಯ ವ್ಯತ್ಯಾಸವಿಲ್ಲ ಎಂದು 2015ರಲ್ಲಿ ಪ್ರಕಟಿಸಿತು. ಹೀಗೆ ಬರೆದುಕೊಳ್ಳುವವರನ್ನು ನಂಬಬಹುದು.

ಆ ಶೇ. 30ರ ವರದಿ ಹಿಡಿದು ಕೂತವರು ತಿಳಿದಿರಬೇಕಾದ ಇನ್ನೊಂದು ಸಂಗತಿ ಇದೆ. ಹೃದಯಾಘಾತದ ದಿನಗಳಲ್ಲಿ ಕುಗ್ಗದೆ ನಿಂತ ಸ್ನಾಯುವೆಲ್ಲ ಸತ್ತದ್ದಲ್ಲ. ಒಂದಷ್ಟು ಏಟು ತಿಂದು ಮಂಕಾಗಿರುತ್ತದೆ, ವಾರಗಳು ಕಳೆದಂತೆ ಏಳುತ್ತದೆ. ಲಯ ತಪ್ಪಿದಾಗ ವಿದ್ಯುತ್ ಏಟು ಕೊಟ್ಟು ಸರಿಪಡಿಸುವ ಐಸಿಡಿ ಯಂತ್ರವನ್ನು ಎದೆಯೊಳಗೆ ಕೂರಿಸಬೇಕೇ ಎಂದು ತೀರ್ಮಾನಿಸುವ ಮೊದಲು ಹೃದಯಾಘಾತವಾಗಿ ಕನಿಷ್ಠ 40 ದಿನ, ಸ್ಟೆಂಟ್ ಹಾಕಿದ್ದರೆ ಮೂರು ತಿಂಗಳು ಕಾದು ಮತ್ತೆ ಎಕೋ ಮಾಡುವ ಪದ್ಧತಿ ಇರುವುದು ಅದಕ್ಕೇ. ಆ ಮೂರು ತಿಂಗಳು ನಾಲ್ಕು ಬಗೆಯ ಮಾತ್ರೆಗಳು ನಡೆಯುತ್ತಿರುತ್ತವೆ: ಸಕ್ಯುಬಿಟ್ರಿಲ್-ವಾಲ್ಸಾರ್ಟಾನ್ ಅಥವಾ ರಾಮಿಪ್ರಿಲ್‌ನಂಥದು, ಬೀಟಾ ಬ್ಲಾಕರ್, ಸ್ಪೈರೊನೊಲ್ಯಾಕ್ಟೋನ್ ಅಥವಾ ಎಪ್ಲೆರಿನೋನ್, ಡಾಪಾಗ್ಲಿಫ್ಲೋಜಿನ್ ಜಾತಿಯದು. ರಕ್ತದೊತ್ತಡ, ಪೊಟ್ಯಾಸಿಯಂ ನೋಡಿಕೊಂಡು ವೈದ್ಯರು ಪ್ರಮಾಣ ಏರಿಸುತ್ತಿರುತ್ತಾರೆ. ಈ ನಡುವೆ ಯಾರೋ ಲಕ್ಷಗಟ್ಟಲೆ ಪಡೆದು ಕೋಶ ಕೊಟ್ಟು, ಮೂರು ತಿಂಗಳ ಎಕೋದಲ್ಲಿ ಇ.ಎಫ್. 38 ಬಂತು ಎಂದಿಟ್ಟುಕೊಳ್ಳಿ. ಆ ಎಂಟನ್ನು ಯಾರ ಖಾತೆಗೆ ಬರೆಯುತ್ತೀರಿ? ಆಸ್ಲೋದಲ್ಲಿ ಏನೂ ಪಡೆಯದವರಿಗೂ ಏಳು ಬಂದಿತ್ತು.